ಚಿಗಟದ ಬಣ್ಣದ ರೇಷ್ಮೆ, ಮಮ್ಮಿ ಬಣ್ಣದ ಟ್ಯೂಬು

ಪ್ರಶ್ನೆ: ಮಲೆನಾಡಿನಲ್ಲಿರುವ ನಮ್ಮ ಅಜ್ಜನ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಹಳೇ ಟ್ರಂಕು ಸಿಕ್ಕಿತು. ಅದರಲ್ಲಿ ಒಂದು ಪಿಂಗಾಣಿ ಟೀ ಕಪ್ ಇದೆ. ಬಾಯಿಯ ಒಳಗಡೆ ಅರ್ಧಚಂದ್ರದ ಹಾಗೆ ಒಂದು ಅಡ್ಡಪಟ್ಟಿ, ಅದರಲ್ಲೊಂದು ಸೀಳು. ಚಾಕೊಲೇಟ್ ಬಣ್ಣದ ಭಾರವಾದ ಡಬ್ಬಿ ಒಂದಿದೆ. ಪ್ಲಾಸ್ಟಿಕ್ ಥರ ಇದೆ, ಆದರೆ ಪ್ಲಾಸ್ಟಿಕ್ ಅನಿಸುವುದಿಲ್ಲ. ಜತೆಗೆ ವಿಲಾಯಿತಿಯ ಒಂದು ಬಣ್ಣದ ಪೆಟ್ಟಿಗೆ. ಅದರ ಚೀಟಿಯಲ್ಲಿ ಮಮ್ಮಿ, ಕಾಪುಟ್ ಮಾರ್ಟಮ್, ಇಂಡಿಯನ್ ಯೆಲ್ಲೋ, ಎಮರಾಲ್ಡ್ ಗ್ರೀನ್ ಎಂಬ ಹೆಸರುಗಳಿವೆ. ಬಟ್ಟೆ ಮಾದರಿಯ ಒಂದು ಪುಸ್ತಕದಲ್ಲಿ ಪ್ಯೂಸ್, ಡ್ರ್ಯಾಬ್ ಅಂತ ಬರೆದಿದೆ. ಹುಡುಕಿ ನೋಡಿದರೆ ಪ್ಯೂಸ್ ಅಂದರೆ ಚಿಗಟವಂತೆ! ಇಷ್ಟು ಕೊಳಕು ಹೆಸರಿಟ್ಟರೆ ಯಾರು ಕೊಳ್ಳುತ್ತಿದ್ದರು? ಇವನ್ನೆಲ್ಲ ಇಟ್ಟುಕೊಳ್ಳಬೇಕೋ, ಗುಜರಿಗೆ ಹಾಕಬೇಕೋ?

ಉತ್ತರ: ಗುಜರಿಯವನಿಗೆ ಆಗಲೇ ಫೋನ್ ಮಾಡಿದ್ದರೆ ಬರಬೇಡ ಅಂತ ಹೇಳಿಬಿಡಿ. ಬಣ್ಣದ ಪೆಟ್ಟಿಗೆಯನ್ನು ಸದ್ಯಕ್ಕೆ ತೆರೆಯಬೇಡಿ. ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಒಂದೇ ಒಂದು ಮಾತಿಗೆ ನನ್ನ ತಕರಾರು. 'ಕೊಳಕು ಹೆಸರು' ಅಂದಿರಲ್ಲ, ಅದಕ್ಕೆ.

ನಾನು ಬಣ್ಣ ಹೊಂದಿಸುವವನು. ಮೊದಲು ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಡೆ ಇದ್ದೆ, ಆಮೇಲೆ ಗೋಡೆ ಪೇಂಟಿನ ಕಂಪನಿಯೊಂದರಲ್ಲಿ ಶೇಡ್ ಕಾರ್ಡ್ ಮಾಡುವ ಕೆಲಸ. ರೇಷ್ಮೆಯ ದಿನಗಳಲ್ಲಿ ಒಮ್ಮೆ ವಯಸ್ಸಾದ ಅಮ್ಮ ಒಬ್ಬರು ಬಂದರು. ಮಗಳ ಮದುವೆಗೆ ಸೀರೆ ನೇಯಿಸಬೇಕಿತ್ತು. ಕರ್ಚೀಫಿನ ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. ಒಳಗೆ ಈರುಳ್ಳಿ ಸಿಪ್ಪೆ. 'ಮೇಲಿನ ಸಿಪ್ಪೆಯ ಬಣ್ಣ ಬೇಡಪ್ಪಾ, ಅದರ ಕೆಳಗಿನದ್ದು' ಅಂದರು. ನೋಡಿದೆ. ಮೇಲಿನದ್ದು ತಾಮ್ರದ ಕಡೆಗೆ ಎಳೆಯುತ್ತಿತ್ತು. ಕೆಳಗಿನದ್ದರಲ್ಲಿ ಗುಲಾಬಿ ಜಾಸ್ತಿ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಸ್ವಲ್ಪ ನೇರಳೆ. ಆ ಒಂದು ಬಣ್ಣ ಕೂಡಿಸಲು ನನಗೆ ನಾಲ್ಕು ದಿನ ಹಿಡಿಯಿತು. ಸಿಪ್ಪೆ ಒಣಗಿದಂತೆಲ್ಲ ಬಣ್ಣ ಬದಲಾಗುತ್ತಿತ್ತು, ದಿನಾ ಬೆಳಿಗ್ಗೆ ಹೊಸ ಈರುಳ್ಳಿ ಸುಲಿಯಬೇಕಿತ್ತು.

ಈಗ ಯೋಚಿಸಿ. ಅಡುಗೆಮನೆಯ ಕಸದ ಹೆಸರಿಟ್ಟ ಸೀರೆಯನ್ನು ನಾವು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುತ್ತೇವೆ. ಈರುಳ್ಳಿ ಸಿಪ್ಪೆ ಬಣ್ಣ ಅಂದಾಗ ಯಾರಿಗೂ ಕಸದ ಬುಟ್ಟಿ ನೆನಪಾಗುವುದಿಲ್ಲ. ಬೂದು ಅಂದರೆ ಬೂದಿಯ ಬಣ್ಣ, ಆದರೂ ಬೂದು ಬಣ್ಣದ ಶರಟು ತೊಟ್ಟವನನ್ನು ನೋಡಿ ಒಲೆಯನ್ನು ಯಾರೂ ನೆನೆಯುವುದಿಲ್ಲ. ಇದನ್ನೇ ಹೊರಗಿನವನೊಬ್ಬ ತನ್ನ ಭಾಷೆಗೆ ತಿರುಗಿಸಿ ಓದಿದರೆ, ನೀವು ಪ್ಯೂಸ್ ಕಂಡು ಮೂಗು ಮುರಿದ ಹಾಗೆಯೇ ಮುರಿಯುತ್ತಾನೆ. ಆ ಹೆಸರುಗಳನ್ನು ನೀವು ನಿಘಂಟು ಹಿಡಿದು ಓದಿದಿರಿ. ಅವರು ಬಣ್ಣ ನೋಡುತ್ತಾ ಓದಿದ್ದರು.

ಪ್ಯೂಸ್ ಕಥೆಯೇ ಹಾಗೆ. ಅದು ಫ್ರೆಂಚ್ ಮಾತು, ಚಿಗಟ ಅಂತಲೇ ಅರ್ಥ. 1775ರ ಬೇಸಿಗೆಯಲ್ಲಿ ಫ್ರಾನ್ಸಿನ ರಾಣಿ ಮಾರಿ ಆಂಟನೆಟ್ ಕೆಂಪು ಬೆರೆತ ಕಂದು ಬಣ್ಣದ ರೇಷ್ಮೆ ಉಟ್ಟಿದ್ದಳು. ಅದನ್ನು ನೋಡಿ ದೊರೆ ಹದಿನಾರನೇ ಲೂಯಿ 'ಇದು ಚಿಗಟದ ಬಣ್ಣ' ಅಂದನಂತೆ. ಗಂಡ ಹೆಂಡತಿಯ ಸೀರೆ ನೋಡಿ ಆಡುವ ಕೊಂಕು ಮಾತು, ಅಷ್ಟೇ. ಆದರೆ ಆಡಿದವನು ದೊರೆ ಅಲ್ವಾ? ಅರಮನೆಯ ಹೆಂಗಸರೆಲ್ಲ ಅದೇ ಬಣ್ಣ ಬೇಕು ಅಂದರು. ಬಣ್ಣ ಹಾಕುವವರಿಗೆ ಸುಗ್ಗಿ. ಒಂದೇ ಚಿಗಟದಲ್ಲಿ ಎಷ್ಟು ಬಣ್ಣ ತೆಗೆದರು ಗೊತ್ತಾ? ಚಿಗಟದ ಬೆನ್ನು, ಚಿಗಟದ ಹೊಟ್ಟೆ, ಚಿಗಟದ ತೊಡೆ, ಎಳೇ ಚಿಗಟ, ಮುದಿ ಚಿಗಟ. ನಗು ಬರುತ್ತದೆ ನಿಜ. ಆದರೆ ಕಸುಬಿನವನ ಕಣ್ಣಿಗೆ ಇದು ಸರಿಯಾದ ಶೇಡ್ ಕಾರ್ಡ್. ಹೊಟ್ಟೆ ಬೆನ್ನಿಗಿಂತ ತಿಳಿ, ಎಳೆಯದು ಮುದಿಯದಕ್ಕಿಂತ ತಿಳಿ. ಅಂದಿನ ಪ್ಯಾರಿಸ್‌ನಲ್ಲಿ ಚಿಗಟ ಕಾಣದ ಹಾಸಿಗೆ ಕಡಿಮೆ. ಅಂಗಡಿಯವನು ಹೆಸರು ಹೇಳಿದರೆ ಸಾಕು, ಬಣ್ಣ ಕಣ್ಣಮುಂದೆ ಬಂದುಬಿಡುತ್ತಿತ್ತು. ಚಿಗಟ ಮನೆಯಿಂದ ಹೋಯಿತು, ಹೆಸರು ಮಾತ್ರ ಉಳಿಯಿತು.

ಅದೇ ಅರಮನೆಯಲ್ಲಿ ಇನ್ನೊಂದು ಬಣ್ಣವೂ ಹುಟ್ಟಿತು. 1781ರ ಅಕ್ಟೋಬರಿನಲ್ಲಿ ರಾಣಿಗೆ ಗಂಡುಮಗು, ಪಟ್ಟದ ಕುಮಾರ. ಆ ಸಂಭ್ರಮದಲ್ಲಿ ಹಳದಿ ಬೆರೆತ ಒಂದು ಕಂದು ಬಣ್ಣಕ್ಕೆ 'ಯುವರಾಜನ ಕಕ್ಕ' ಅಂತ ಹೆಸರಿಟ್ಟರು. ಅದು ಬೈಗುಳವಲ್ಲ, ಮುದ್ದು. ಮನೆಯಲ್ಲಿ ಹಸುಗೂಸು ಇದ್ದವರು ಇದನ್ನು ಬೇರೆಯವರಿಗಿಂತ ಬೇಗ ಒಪ್ಪಿಕೊಳ್ಳುತ್ತಾರೆ.

ಇಂಗ್ಲೆಂಡಿನವರು ಇದಕ್ಕೂ ಮುಂಚೆಯೇ ಶುರು ಮಾಡಿದ್ದರು. 16ನೇ ಶತಮಾನದ ಕೊನೆಗೆ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ ತನ್ನ ದೇಶದ ಜನಜೀವನ ಬರೆಯುತ್ತಾ, ಫ್ಯಾಷನ್ ಹುಚ್ಚಿನವರ ಬಣ್ಣದ ಹೆಸರುಗಳನ್ನು ಪಟ್ಟಿ ಮಾಡಿ ಹಂಗಿಸಿದ್ದಾನೆ. ಅದರಲ್ಲಿ ಹೆಬ್ಬಾತಿನ ಹಿಕ್ಕೆ ಹಸಿರು, ಬಟಾಣಿ ಗಂಜಿ ಕಂದು ಎಲ್ಲ ಇವೆ. ಹೊಸ ಹೆಸರು ಕಂಡು ಗೊಣಗುವವರು ಆಗಲೂ ಇದ್ದರು ಅನ್ನುವುದು ನನಗಂತೂ ಸಮಾಧಾನದ ವಿಷಯ.

ಚಿಗಟಕ್ಕೆ ಇಷ್ಟು ನಕ್ಕ ಮೇಲೆ ನಮ್ಮ ಮನೆಯ ಬೀರುವನ್ನೂ ತೆರೆಯಬೇಕು. ಕಿರಮಂಜಿ ಅಂತ ಒಂದು ಕೆಂಪು ಇದೆ, ಹಳಬರ ಬಾಯಲ್ಲಿ ಈಗಲೂ ಕೇಳಬಹುದು. ಆ ಮಾತಿನೊಳಗೆ ಒಂದು ಹುಳ ಕೂತಿದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಓಕ್ ಮರಗಳಿಗೆ ಅಂಟಿಕೊಳ್ಳುವ ಒಂದು ಸಣ್ಣ ಕೀಟವನ್ನು ಒಣಗಿಸಿ ಈ ಕೆಂಪು ತೆಗೆಯುತ್ತಿದ್ದರು. ಪರ್ಷಿಯನ್ನಿನಲ್ಲಿ ಹುಳಕ್ಕೆ ಕಿರ್ಮ್, ಸಂಸ್ಕೃತದಲ್ಲಿ ಕೃಮಿ. ಎರಡೂ ಒಂದೇ ಬೇರಿನವು. ಅಲ್ಲಿಂದ ಅರಬ್ಬಿಗೆ ಹೋಗಿ, ಒಂದು ಕವಲು ನಮ್ಮ ಕಡೆ ಬಂದು ಕಿರಮಂಜಿ ಆಯಿತು, ಇನ್ನೊಂದು ಯುರೋಪಿಗೆ ಹೋಗಿ ಕ್ರಿಮ್ಸನ್, ಕಾರ್ಮೈನ್ ಆಯಿತು. ಅಂದರೆ ಕಿರಮಂಜಿ ಸೀರೆ ಅಂದರೆ ಹುಳದ ಬಣ್ಣದ ಸೀರೆ. ಯಾರಿಗಾದರೂ ಅಸಹ್ಯ ಅನಿಸಿದೆಯಾ? ಅರಗೂ ಕೀಟ ಕೊಟ್ಟದ್ದೇ. ಚನ್ನಪಟ್ಟಣದ ಗೊಂಬೆಯ ಮೇಲೆ ಹೊಳೆಯುವುದು ಅದೇ. ಮಗು ಬಾಯಿಗೆ ಹಾಕಿಕೊಂಡರೂ ಚಿಂತೆ ಇಲ್ಲ ಅಂತ ಕೊಡಿಸುತ್ತೇವೆ.

ಈಗ ನಿಮ್ಮ ಬಣ್ಣದ ಪೆಟ್ಟಿಗೆಗೆ ಬರೋಣ. ಇಲ್ಲಿ ಲೆಕ್ಕ ಸ್ವಲ್ಪ ಬೇರೆ. ಪ್ಯೂಸ್ ಚಿಗಟದ ಹಾಗೆ ಕಾಣುವ ಬಣ್ಣ, ಚಿಗಟದಿಂದ ಮಾಡಿದ್ದಲ್ಲ. ಮಮ್ಮಿ ಹಾಗಲ್ಲ. ಅದು ಮಮ್ಮಿಯೇ. ಇಂಗ್ಲಿಷ್ ಶಾಲೆಯ ಮಕ್ಕಳು ಕರೆಯುವ ಮಮ್ಮಿ ಅಲ್ಲ, ಈಜಿಪ್ಟಿನ ಗೋರಿಯಲ್ಲಿ ಬಟ್ಟೆ ಸುತ್ತಿ ಇಟ್ಟ ಹೆಣ. ಅದನ್ನು ಪುಡಿ ಮಾಡಿ, ಎಣ್ಣೆಯಲ್ಲಿ ಅರೆದು ಬಣ್ಣ ಮಾಡುತ್ತಿದ್ದರು. ಮೊದಲು ಯುರೋಪಿನ ಔಷಧದ ಅಂಗಡಿಗಳಲ್ಲಿ ಮಮ್ಮಿ ಪುಡಿ ಮದ್ದಾಗಿ ಮಾರಾಟವಾಗುತ್ತಿತ್ತು. ಅಲ್ಲಿಂದ ಬಣ್ಣದವರ ಕೈಗೆ ಬಂತು. ಒಳ್ಳೇ ಬಣ್ಣವೇ ಅದು. ತೆಳ್ಳಗೆ ಹಚ್ಚಿದರೆ ಕೆಳಗಿನದು ಕಾಣುವಂಥ ಬೆಚ್ಚನೆಯ ಕಂದು. ನೆರಳು ಬರೆಯಲು, ಮೈಬಣ್ಣ ತರಲು ಚಿತ್ರಕಾರರಿಗೆ ಇಷ್ಟ. ಆದರೆ ಬಾಳಿಕೆ ಇಲ್ಲ, ಬಿರುಕು ಬಿಡುತ್ತಿತ್ತು.

ಹೆಸರು ಇಷ್ಟು ನೇರವಾಗಿದ್ದರೂ ಕೊಂಡವರೇ ನಂಬಿರಲಿಲ್ಲ ಅನ್ನುವುದು ತಮಾಷೆ. ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ ಎಡ್ವರ್ಡ್ ಬರ್ನ್-ಜೋನ್ಸ್ ಅದು ಸುಮ್ನೆ ಬಣ್ಣದ ಹೆಸರು ಅಂದುಕೊಂಡಿದ್ದ. ಊಟದ ಹೊತ್ತಿನಲ್ಲಿ ಇನ್ನೊಬ್ಬ ಚಿತ್ರಕಾರ ನಿಜ ಹೇಳಿದ. ಬರ್ನ್-ಜೋನ್ಸ್ ಎದ್ದು ಹೋಗಿ ತನ್ನ ಟ್ಯೂಬು ತಂದು, ತೋಟದಲ್ಲಿ ಗುಂಡಿ ತೋಡಿಸಿ ಅದನ್ನು ಮಣ್ಣು ಮಾಡಿದ. ಮನೆಯವರೆಲ್ಲ ಸುತ್ತ ನಿಂತಿದ್ದರು. ಸತ್ತವನಿಗೆ ಸಾವಿರಾರು ವರ್ಷದ ಮೇಲೆ ಎರಡನೇ ಸಲ ಮಣ್ಣು. 20ನೇ ಶತಮಾನದಲ್ಲೂ ಈ ಬಣ್ಣ ಸಿಗುತ್ತಿತ್ತು. 1964ರಲ್ಲಿ ಲಂಡನ್ನಿನ ರಾಬರ್ಸನ್ ಎಂಬ ಹಳೇ ಬಣ್ಣದ ಕಂಪನಿಯ ಮುಖ್ಯಸ್ಥರು ಪತ್ರಿಕೆಯೊಂದಕ್ಕೆ ಹೇಳಿದ್ದು: ಮಮ್ಮಿ ಮುಗಿದಿದೆ, ಎಲ್ಲೋ ಒಂದೆರಡು ಕೈಕಾಲು ಬಿದ್ದಿರಬಹುದು, ಬಣ್ಣ ಮಾಡುವಷ್ಟಿಲ್ಲ. ಬೆಳ್ಳುಳ್ಳಿ ಸ್ಟಾಕ್ ಇಲ್ಲ ಅಂತ ಕಿರಾಣಿ ಅಂಗಡಿಯವರು ಹೇಳುವ ಧಾಟಿಯಲ್ಲೇ. ಇವತ್ತು ಇದೇ ಹೆಸರಿನಲ್ಲಿ ಸಿಗುವುದು ಬಗೆಬಗೆ ಮಣ್ಣು ಮತ್ತು ಕಬ್ಬಿಣದ ತುಕ್ಕು ಬೆರೆಸಿದ ಬಣ್ಣ, ಹೆಣದ ಸೋಂಕಿಲ್ಲ.

ಕಾಪುಟ್ ಮಾರ್ಟಮ್ ಕೇಳಲು ಇನ್ನೂ ಭಯಂಕರ, ಲ್ಯಾಟಿನ್ನಿನಲ್ಲಿ 'ಸತ್ತ ತಲೆ'. ಆದರೆ ಅದು ಪಾಪದ್ದು. ರಸವಾದಿಗಳು ಏನನ್ನಾದರೂ ಕಾಯಿಸಿ ಇಳಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ, ಇನ್ನು ಯಾವುದಕ್ಕೂ ಬಾರದ ಗಸಿಗೆ ಆ ಹೆಸರು. ಬಣ್ಣವಾಗಿ ಅದು ಕಬ್ಬಿಣದ ತುಕ್ಕೇ, ನೇರಳೆ ಕಡೆ ವಾಲಿದ ಕಂದು. ಈಗಲೂ ಸಿಗುತ್ತದೆ. ಫೇಬರ್ ಕ್ಯಾಸ್ಟೆಲ್‌ನವರ ಪಾಲಿಕ್ರೋಮೋಸ್ ಪೆನ್ಸಿಲ್‌ಗಳಲ್ಲಿ 169ನೇ ನಂಬರ್ ನೋಡಿ, ಇದೇ ಹೆಸರು ಅಚ್ಚಾಗಿದೆ.

ಇಂಡಿಯನ್ ಯೆಲ್ಲೋ ಇದಕ್ಕೆ ಉಲ್ಟಾ. ಹೆಸರು ಚೆನ್ನಾಗಿದೆ, ಸರಕು ನಾರುತ್ತದೆ. ನಮ್ಮ ದೇಶದಿಂದ ಲಂಡನ್ನಿಗೆ ಹೋಗುತ್ತಿದ್ದ ಹಳದಿ ಉಂಡೆಗಳಿಗೆ ಗಂಜಲದ ವಾಸನೆ ಇತ್ತು. ಇದು ಏನು ಅಂತ ಅಲ್ಲಿನವರು ಕೇಳಿದಾಗ 1883ರಲ್ಲಿ ಇಲ್ಲಿನ ಸರ್ಕಾರಿ ಅಧಿಕಾರಿ ಟಿ. ಎನ್. ಮುಖರ್ಜಿ ಅವರು ವಿವರ ಬರೆದು ಕಳಿಸಿದರು. ಬಿಹಾರದ ಮುಂಗೇರ್ ಹತ್ತಿರದ ಮಿರ್ಜಾಪುರ ಎಂಬ ಊರಿನಲ್ಲಿ ಗೋವಳರು ಹಸುಗಳಿಗೆ ಮಾವಿನೆಲೆ ತಿನ್ನಿಸಿ, ಅವುಗಳ ಗಂಜಲ ಹಿಡಿದು, ಕಾಯಿಸಿ, ಸೋಸಿ ಉಂಡೆ ಕಟ್ಟುತ್ತಾರೆ ಅಂತ. ಇದು ಕಟ್ಟುಕಥೆ ಇರಬೇಕು ಅಂತ ಆಮೇಲೆ ಕೆಲವರು ಅನುಮಾನಪಟ್ಟರು. ಆದರೆ ಹಳೇ ಉಂಡೆಗಳನ್ನು ಈಚೆಗೆ ರಾಸಾಯನಿಕವಾಗಿ ಪರೀಕ್ಷಿಸಿದಾಗ ಗಂಜಲದ ಗುರುತು ಸಿಕ್ಕಿದೆ. ನಮಗೇನೂ ಇದು ಬೆಚ್ಚಿಬೀಳುವ ಸುದ್ದಿಯಲ್ಲ ಬಿಡಿ. ಗೋರೋಚನ ದನದ ಪಿತ್ತಕೋಶದ ಕಲ್ಲು, ಅದನ್ನು ಹಣೆಗಿಟ್ಟುಕೊಂಡವರು ನಾವು.

ನಾನು ಪೆಟ್ಟಿಗೆ ತೆರೆಯಬೇಡಿ ಅಂದದ್ದು ಮಮ್ಮಿಗೂ ಅಲ್ಲ, ಗಂಜಲಕ್ಕೂ ಅಲ್ಲ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಚೆಂದದ ಹೆಸರು ಯಾವುದಿದೆಯೋ ಅದಕ್ಕೆ. ಎಮರಾಲ್ಡ್ ಗ್ರೀನ್, ಪಚ್ಚೆಯ ಹಸಿರು. ಅದರೊಳಗಿರುವುದು ತಾಮ್ರ ಮತ್ತು ಆರ್ಸೆನಿಕ್, ನಮ್ಮ ಮಾತಿನಲ್ಲಿ ಪಾಷಾಣ. ಸ್ವೀಡನ್ನಿನ ಶೀಲೆ ಎಂಬ ರಸಾಯನ ವಿಜ್ಞಾನಿ 1775ರಲ್ಲಿ ಪಾಷಾಣದಿಂದ ಒಂದು ಹಸಿರು ಮಾಡಿದ್ದ. 1814ರಲ್ಲಿ ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ಅದಕ್ಕಿಂತ ಹೊಳಪಿನದು ಬಂತು. ಇದೇ ಎಮರಾಲ್ಡ್. ಅಗ್ಗ, ಕಣ್ಣು ಕೋರೈಸುವ ಬಣ್ಣ. ಗೋಡೆಗೆ ಅಂಟಿಸುವ ಕಾಗದ, ಬಟ್ಟೆ, ಟೋಪಿಗೆ ಸಿಕ್ಕಿಸುವ ಕೃತಕ ಹೂವು, ಎಲ್ಲದಕ್ಕೂ ಬಳಿದರು. ಅದೇ ಪುಡಿ ಪ್ಯಾರಿಸ್ ಗ್ರೀನ್ ಹೆಸರಿನಲ್ಲಿ ಇಲಿ ಪಾಷಾಣವಾಗಿಯೂ ಹುಳ ಕೊಲ್ಲುವ ಮದ್ದಾಗಿಯೂ ಮಾರಾಟವಾಯಿತು! 1861ರಲ್ಲಿ ಲಂಡನ್ನಿನಲ್ಲಿ ಮಟಿಲ್ಡಾ ಶೋಯರರ್ ಎಂಬ 19 ವರ್ಷದ ಹುಡುಗಿ ಸತ್ತಳು. ಕೃತಕ ಎಲೆಗಳ ಮೇಲೆ ಈ ಹಸಿರು ಪುಡಿ ಉದುರಿಸುವುದು ಅವಳ ಕೆಲಸ. ಕೊನೆಗೆ ಅವಳು ಕಾರಿದ್ದು ಹಸಿರು, ಕಣ್ಣಿನ ಬಿಳಿ ಗುಡ್ಡೆಯೂ ಹಸಿರಾಗಿತ್ತು. ಹೆಸರು ಕೇಳಿ ಬಣ್ಣ ಕೊಳ್ಳಬಾರದು ಅಂತ ಹೊಸ ಹುಡುಗರಿಗೆ ಹೇಳುವಾಗೆಲ್ಲ ನನಗೆ ನೆನಪಾಗುವುದು ಚಿಗಟವಲ್ಲ, ಈ ಪಚ್ಚೆ.

ಮೆಜಂತಾ ಕೂಡ ಇದೇ ಸಾಲಿನದು, ವಿಷದ ಲೆಕ್ಕದಲ್ಲಲ್ಲ, ಹೆಸರಿನ ಲೆಕ್ಕದಲ್ಲಿ. ಅಂಗಡಿಯಲ್ಲಿ ಮೆಜಂತಾ ಅಂಚು ತೋರಿಸಿ ಅನ್ನುತ್ತೇವೆ. ಅದು ಇಟಲಿಯ ಮಿಲಾನ್ ಪಕ್ಕದ ಒಂದು ಊರು. 1859ರ ಜೂನ್ 4ರಂದು ಅಲ್ಲಿ ಘೋರ ಯುದ್ಧ ನಡೆಯಿತು. ಅದೇ ವರ್ಷ ಫ್ರಾನ್ಸಿನ ರಸಾಯನ ವಿಜ್ಞಾನಿ ವೆರ್ಗ್ಯಾಂ ಕಂಡುಹಿಡಿದಿದ್ದ ಹೊಸ ಬಣ್ಣಕ್ಕೆ ಗೆಲುವಿನ ನೆನಪಿಗೆ ಆ ಊರಿನ ಹೆಸರು ಅಂಟಿತು. ಹೆಣ ಬಿದ್ದ ಬಯಲಿನ ಹೆಸರು ನಮ್ಮ ರೇಷ್ಮೆ ಸೀರೆಯ ಅಂಚಿನಲ್ಲಿ ಆರಾಮಾಗಿ ಕೂತಿದೆ.

ಡ್ರ್ಯಾಬ್ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಫ್ರೆಂಚಿನಲ್ಲಿ ದ್ರಾ ಅಂದರೆ ಬಟ್ಟೆ. ಬಣ್ಣ ಹಾಕದ ಉಣ್ಣೆ ಬಟ್ಟೆ ಹೇಗಿರುತ್ತದೋ ಅದೇ ಡ್ರ್ಯಾಬ್, ನಮ್ಮ ಕುರುಬರ ಕಂಬಳಿಯಲ್ಲಿ ಕಪ್ಪಲ್ಲದ ಕಡೆ ಕಾಣುವಂಥದ್ದು. ಹೆಸರು ಮೊದಲು ಬಟ್ಟೆಗಿತ್ತು, ಆಮೇಲೆ ಬಣ್ಣಕ್ಕೆ ಬಂತು, ಕೊನೆಗೆ 'ಸಪ್ಪೆ' ಎಂಬ ಅರ್ಥವಾಯಿತು. ಇದರ ದಾಯಾದಿ ನಮ್ಮಲ್ಲಿದೆ: ಖಾಕಿ. ಪರ್ಷಿಯನ್ನಿನಲ್ಲಿ ಖಾಕ್ ಅಂದರೆ ದೂಳು, ಮಣ್ಣು. ವಾಯವ್ಯ ಗಡಿಯ ಸೈನಿಕರು 1840ರ ದಶಕದಲ್ಲೇ ದೂಳಿನಲ್ಲಿ ಕಾಣದಿರಲಿ ಅಂತ ಇಂಥ ಬಟ್ಟೆ ತೊಟ್ಟರು. ಆದರೆ ಒಗೆದರೂ ನಿಲ್ಲುವ ಖಾಕಿ ಬಣ್ಣ ಅಂದಾಗ ಮಂಗಳೂರನ್ನು ನೆನೆಯಲೇಬೇಕು. ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ 1850ರ ದಶಕದಲ್ಲಿ ಅದನ್ನು ಕೂಡಿಸಿದ. ದೂಳಿನ ಬಣ್ಣ ಅಂತ ಕನ್ನಡದಲ್ಲೇ ಹೆಸರಿಟ್ಟಿದ್ದರೆ ಪೊಲೀಸರು ಒಪ್ಪುತ್ತಿದ್ದರೋ ಇಲ್ಲವೋ.

ಚಾಕೊಲೇಟ್ ಡಬ್ಬಿಗೆ ಬರುತ್ತೇನೆ. ಬಹುಶಃ ಬೇಕಲೈಟ್. ನೋಡಲು ಒಂದು ಸುಲಭ ದಾರಿ ಇದೆ. ಹೆಬ್ಬೆರಳನ್ನು ಅದರ ಮೇಲೆ ಬಿಸಿಯಾಗುವ ತನಕ ಜೋರಾಗಿ ಉಜ್ಜಿ, ತಕ್ಷಣ ಮೂಸಿ ನೋಡಿ. ಹಳೇ ಸರ್ಕಾರಿ ಆಸ್ಪತ್ರೆಯ ವಾಸನೆ ಬಂದರೆ ಬೇಕಲೈಟೇ. ಆ ವಾಸನೆ ಕಾರ್ಬಾಲಿಕ್ ಆಮ್ಲದ್ದು. ಸೂಜಿ ಕಾಯಿಸಿ ಚುಚ್ಚಿ ನೋಡಿ ಅಂತ ಕೆಲವರು ಹೇಳುತ್ತಾರೆ, ಬೇಡ. ಡಬ್ಬಿ ಹಾಳು.

ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಲಿಯೊ ಬೇಕಲ್ಯಾಂಡ್ 1907ರಲ್ಲಿ ಇದನ್ನು ಮಾಡಿದ. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಇದೇ. ಕಾರ್ಬಾಲಿಕ್ ಮತ್ತು ಫಾರ್ಮಾಲ್ಡಿಹೈಡ್ ಕೂಡಿಸಿದ ಅಂಟು, ಅದಕ್ಕೆ ಬಲ ಬರಲಿ ಅಂತ ಮರದ ಹಿಟ್ಟು, ಎಲ್ಲ ಸೇರಿಸಿ ಬಿಸಿ ಅಚ್ಚಿನಲ್ಲಿ ಒತ್ತುವುದು. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು, ಶಾಕ್ ಹೊಡೆಯದು.

ಆಗಿನ ರೇಡಿಯೋ, ಸ್ವಿಚ್ಚು, ಟೆಲಿಫೋನು ಎಲ್ಲ ಕಂದು ಇಲ್ಲ ಕಪ್ಪು ಯಾಕೆ? ಆ ಕಾಲದವರಿಗೆ ರುಚಿ ಇರಲಿಲ್ಲ ಅಂತಲ್ಲ. ಆ ಅಂಟಿನ ಬಣ್ಣವೇ ಜೇನಿನದು, ಬೆಳಕಿಗೆ ಇನ್ನೂ ಕಪ್ಪಾಗುತ್ತದೆ. ಮೇಲೆ ಮರದ ಹಿಟ್ಟು. ಬಿಳಿ ಮಾಡಲು ಹೋದರೆ ತಿಂಗಳೊಪ್ಪತ್ತಿನಲ್ಲಿ ಹಲ್ಲಿನ ಪಾಚಿಯಂತಾಗುತ್ತಿತ್ತು. ಹಾಗಾಗಿ ಮೊದಲೇ ಕಪ್ಪು ಇಲ್ಲ ಕಂದು ಬೆರೆಸಿಬಿಟ್ಟರು. ಮೂಲೆಗಳು ದುಂಡಗಿರುವುದಕ್ಕೂ ಇದೇ ಥರದ ಕಾರಣ. ಚೂಪು ಮೂಲೆಗೆ ಹಿಟ್ಟು ಸರಿಯಾಗಿ ತುಂಬದು, ತುಂಬಿದರೂ ಅಚ್ಚಿನಿಂದ ಬಿಡಿಸುವಾಗ ಚಕ್ಕೆ ಏಳುತ್ತದೆ. ಡಬ್ಬಿಯ ಅಂಚಿನ ಮೇಲೆ ಉಗುರು ಎಳೆದು ನೋಡಿ, ಎಲ್ಲಾದರೂ ಸಣ್ಣ ಗೆರೆ ತಗಲುತ್ತದೆ. ಅಚ್ಚಿನ ಎರಡು ಹೋಳು ಕೂಡಿದ ಜಾಗ ಅದು. ನಾವು 'ಹಳೇ ಕಾಲದ ಡಿಸೈನ್' ಅಂತ ಮೆಚ್ಚುವುದರಲ್ಲಿ ಅರ್ಧ ಇಂಥ ಇಕ್ಕಟ್ಟುಗಳೇ. 1920ರ ದಶಕದಲ್ಲಿ ಬೇರೆ ಅಂಟು ಬಂದು ತಿಳಿ ಬಣ್ಣಗಳೂ ಸಾಧ್ಯವಾದವು. ಇಂಗ್ಲೆಂಡಿನಲ್ಲಿ ಆ ಪುಡಿಗೆ ಇಟ್ಟ ಹೆಸರು ಬೀಟಲ್, ಜೀರುಂಡೆ! ಇಂಗ್ಲಿಷರಿಗೆ ಹುಳದ ಮೋಹ ಬಿಡಲಿಲ್ಲ ನೋಡಿ.

ಹೆಸರಿನ ಸುತ್ತ ಸುಳ್ಳು ಕಥೆಗಳೂ ಬೆಳೆಯುತ್ತವೆ. ಇಸಾಬೆಲ್ ಎಂಬ ಮಾಸಲು ಹಳದಿ ಇದೆ. ಸ್ಪೇನಿನ ರಾಜಕುಮಾರಿ ಇಸಾಬೆಲ್ಲಾ, ಆಸ್ಟೆಂಡ್ ಕೋಟೆ ಗೆಲ್ಲುವ ತನಕ ಒಳಬಟ್ಟೆ ಬದಲಿಸುವುದಿಲ್ಲ ಅಂತ ಪ್ರತಿಜ್ಞೆ ಮಾಡಿದಳು, ಮುತ್ತಿಗೆ ಮೂರು ವರ್ಷ ನಡೆಯಿತು, ಆ ಬಟ್ಟೆಯ ಬಣ್ಣವೇ ಇದು ಅಂತ ಕಥೆ. ಕೇಳಲು ಮಜಾ ಇದೆ. ಆದರೆ ಮುತ್ತಿಗೆ ಶುರುವಾದದ್ದು 1601ರಲ್ಲಿ. ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಬಟ್ಟೆಗಳ ಪಟ್ಟಿಯಲ್ಲಿ 1600ರಲ್ಲೇ ಇಸಾಬೆಲ್ಲಾ ಬಣ್ಣದ ಸ್ಯಾಟಿನ್ ಗೌನು ದಾಖಲಾಗಿದೆ. ಕೊಳೆಯಾಗುವ ಮೊದಲೇ ಕೊಳೆಯ ಹೆಸರು ಬಂದೀತೇ?

ಇನ್ನು ಕೆಲವು ಹೆಸರು ನಾವು ತಪ್ಪು ಓದುವುದರಿಂದ ಕೆಡುತ್ತವೆ. ಇಂಗ್ಲೆಂಡಿನ ಫ್ಯಾರೋ ಅಂಡ್ ಬಾಲ್ ಎಂಬ ದುಬಾರಿ ಪೇಂಟಿನವರ ಕಾರ್ಡಿನಲ್ಲಿ ಡೆಡ್ ಸಾಮನ್, ಅಂದರೆ ಸತ್ತ ಸಾಮನ್ ಮೀನು, ಅಂತ ಒಂದು ಬಣ್ಣವಿದೆ. 1805ರಲ್ಲಿ ಕೆಡಲ್‌ಸ್ಟನ್ ಬಂಗಲೆಯ ಲೈಬ್ರರಿಗೆ ಬಣ್ಣ ಬಳಿದ ಬಿಲ್ಲಿನಿಂದ ಎತ್ತಿಕೊಂಡ ಹೆಸರದು. ಆಗಿನ ಪೇಂಟರುಗಳ ಭಾಷೆಯಲ್ಲಿ ಡೆಡ್ ಅಂದರೆ ಹೊಳಪಿಲ್ಲದ್ದು, ಇವತ್ತು ನಮ್ಮ ಪೇಂಟರು ಮ್ಯಾಟ್ ಅನ್ನುತ್ತಾರಲ್ಲ, ಅದು. ಸಾಮನ್ ಬಣ್ಣದ ಮ್ಯಾಟ್ ಪೇಂಟು, ಅಷ್ಟೇ. ಈಗ ಆ ಸತ್ತ ಮೀನೇ ಜನರ ಬಾಯಲ್ಲಿ ಉಳಿದಿದೆ.

ನಾನಿದ್ದ ಪೇಂಟ್ ಕಂಪನಿಯಲ್ಲಿ ಒಮ್ಮೆ ಹಸಿರು ಬೆರೆತ ಒಂದು ತಿಳಿ ಕಂದು ಕೂಡಿಸಿದ್ದೆ. ಬೆಳಿಗ್ಗೆ ಸಗಣಿ ಸಾರಿಸಿದ ಅಂಗಳ ಹತ್ತು ಗಂಟೆ ಬಿಸಿಲಿಗೆ ಅರ್ಧ ಒಣಗಿದಾಗ ಬರುವ ಬಣ್ಣ. 'ಸಾರಿಸಿದ ಅಂಗಳ' ಅಂತ ಹೆಸರು ಬರೆದು ಕೊಟ್ಟೆ. ಮೀಟಿಂಗಿನಲ್ಲಿ ಎಲ್ಲರೂ ನಕ್ಕರು. ಕಾರ್ಡ್ ಅಚ್ಚಾಗಿ ಬಂದಾಗ ಅದಕ್ಕೆ ಇಟಲಿಯ ಯಾವುದೋ ಬೆಟ್ಟದ ಹೆಸರಿತ್ತು. ನಮ್ಮಲ್ಲಿ ಯಾರೂ ಆ ಬೆಟ್ಟ ನೋಡಿರಲಿಲ್ಲ. ಬಣ್ಣ ಚೆನ್ನಾಗಿಯೇ ಓಡಿತು, ಅದು ಬೇರೆ ಮಾತು.

ಹೀಗೆ ಹೆಸರು ಕಳಚಿದ ಮೇಲೆ ಬಣ್ಣಕ್ಕೆ ಉಳಿಯುವುದು ನಂಬರು. ಆದರೆ ನಂಬರಿಗೂ ಕಾಟ ತಪ್ಪಿಲ್ಲ. ಆಸ್ಟ್ರೇಲಿಯಾ ಸರ್ಕಾರ 2012ರಲ್ಲಿ ಸಿಗರೇಟು ಪ್ಯಾಕುಗಳೆಲ್ಲ ಒಂದೇ ಬಣ್ಣದಲ್ಲಿರಬೇಕು ಅಂತ ಕಾನೂನು ಜಾರಿ ಮಾಡಿತು. ನೋಡಿದರೆ ಬೇಡ ಅನಿಸಬೇಕು, ಅಂಥ ಬಣ್ಣ ಬೇಕಿತ್ತು. ಸಾವಿರಕ್ಕೂ ಹೆಚ್ಚು ಸಿಗರೇಟು ಸೇದುವವರಿಗೆ ಬಗೆಬಗೆ ಬಣ್ಣ ತೋರಿಸಿ, ಕೊನೆಗೆ ಬಣ್ಣಗಳಿಗೆ ನಂಬರು ಕೊಡುವ ಪ್ಯಾಂಟೋನ್ ಕಂಪನಿಯ ಪಟ್ಟಿಯಿಂದ 448 ಸಿ ಆರಿಸಿದರು. ಮೊದಲು ಅದನ್ನು ಆಲಿವ್ ಗ್ರೀನ್ ಅನ್ನುತ್ತಿದ್ದರು. ಅಲ್ಲಿನ ಆಲಿವ್ ಬೆಳೆಗಾರರ ಸಂಘ ಎದ್ದು ನಿಂತಿತು, ನಮ್ಮ ಬೆಳೆಯ ಹೆಸರು ಕೆಡಿಸಬೇಡಿ ಅಂತ. ಆಗ ಸರ್ಕಾರ ಹೊಸ ಹೆಸರು ಹುಡುಕಿತು: ಡ್ರ್ಯಾಬ್ ಡಾರ್ಕ್ ಬ್ರೌನ್. ನಿಮ್ಮ ಬಟ್ಟೆ ಪುಸ್ತಕದ ಡ್ರ್ಯಾಬ್ ಇಷ್ಟು ವರ್ಷದ ಮೇಲೆ ಮತ್ತೆ ಕೆಲಸಕ್ಕೆ ಬಂತು. ಆ ಬಣ್ಣವನ್ನು ನಾನು ರೇಷ್ಮೆಯ ಮೇಲೆ ನೋಡಿದ್ದೇನೆ. ಕಿರಮಂಜಿ ಅಂಚಿನ ಪಕ್ಕ ಬಹಳ ಚೆಂದ.

ಮಕ್ಕಳ ಬಣ್ಣದ ಕಡ್ಡಿಗಳೂ ಹೆಸರು ಬದಲಿಸಿವೆ. ಅಮೆರಿಕದ ಕ್ರೇಯೋಲಾದವರು 'ಮೈಬಣ್ಣ' ಎಂಬ ಕಡ್ಡಿಗೆ 1962ರಲ್ಲಿ ಪೀಚ್ ಅಂತ ಹೆಸರಿಟ್ಟರು. ಎಲ್ಲರ ಮೈ ಒಂದೇ ಬಣ್ಣದ್ದಲ್ಲವಲ್ಲ. 1999ರಲ್ಲಿ 'ಇಂಡಿಯನ್ ರೆಡ್' ಹೋಗಿ ಚೆಸ್ಟ್‌ನಟ್ ಬಂತು. ಅದು ನಮ್ಮ ದೇಶದ ಕೆಮ್ಮಣ್ಣಿನ ಹೆಸರು, ಆದರೆ ಅಲ್ಲಿನ ಮಕ್ಕಳು ಮೂಲನಿವಾಸಿಗಳ ಮೈಬಣ್ಣ ಅಂದುಕೊಳ್ಳುತ್ತಿದ್ದಾರೆ ಅಂತ ಶಿಕ್ಷಕರು ದೂರಿದ್ದರು. ನಮ್ಮ ಮಕ್ಕಳು ಮಾತ್ರ ಆ ತಿಳಿ ಗುಲಾಬಿ ಕಡ್ಡಿಯನ್ನು ಈಗಲೂ 'ಸ್ಕಿನ್ ಕಲರ್' ಅಂತಲೇ ಕೇಳುತ್ತಾರೆ. ಕಡ್ಡಿಯನ್ನು ತಮ್ಮ ಕೈಯ ಪಕ್ಕ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಸರಿ, ನಿಮ್ಮ ಸಾಮಾನು. ಪೆಟ್ಟಿಗೆಯನ್ನು ಇಟ್ಟುಕೊಳ್ಳಿ. ತೆರೆಯಲೇಬೇಕಾದರೆ ಗ್ಲೌಸು, ಮಾಸ್ಕು ಹಾಕಿಕೊಂಡು ತೆರೆಯಿರಿ. ಫ್ಯಾನ್ ಆರಿಸಿರಲಿ, ಪುಡಿ ಹಾರಬಾರದು. ಹಸಿರು ಟ್ಯೂಬು ಒಡೆದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಕಟ್ಟಿಡಿ. ತಿಪ್ಪೆಗೆ ಹಾಕಬೇಡಿ, ಮೋರಿಗೆ ತೊಳೆಯಬೇಡಿ. ಬಟ್ಟೆ ಪುಸ್ತಕಕ್ಕೆ ಬಿಸಿಲು ತಾಗಿಸಬೇಡಿ, ಬೇವಿನ ಎಲೆಯ ಜತೆ ಹಳೇ ಕಾಟನ್ ಸೀರೆಯಲ್ಲಿ ಸುತ್ತಿಡಿ. ಬೇಕಲೈಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸೋಪಿನ ನೀರಿನಲ್ಲಿ ನೆನೆ ಹಾಕಿದರೆ ಒಳಗಿನ ಮರದ ಹಿಟ್ಟು ಉಬ್ಬಿ ಹೊಳಪು ಹೋಗುತ್ತದೆ.

ಉಳಿದದ್ದು ಕಪ್. ಅದು ಮೀಸೆಯವರ ಕಪ್. ಒಳಗಿನ ಪಟ್ಟಿ ಮೀಸೆ ಕೂರಿಸಲು, ಸೀಳು ಟೀ ಹೀರಲು. 19ನೇ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ ಮೀಸೆಗೆ ಮೇಣ ಹಚ್ಚಿ ತೀಡುವುದು ಜೋರಾಗಿತ್ತು. ಬಿಸಿ ಟೀಯ ಹಬೆಗೆ ಮೇಣ ಕರಗಿ ಕಪ್ಪಿಗೆ ಬೀಳುತ್ತಿತ್ತು, ಮೀಸೆ ಜೋತು ಬೀಳುತ್ತಿತ್ತು. ಬ್ರಿಟಿಷ್ ಸೈನ್ಯದಲ್ಲಂತೂ ಮೇಲ್ದುಟಿ ಬೋಳಿಸುವ ಹಾಗೇ ಇರಲಿಲ್ಲ. 1916ರಲ್ಲಿ ಆ ನಿಯಮ ತೆಗೆದರು, ಅದರ ಹಿಂದೆಯೇ ಇಂಥ ಕಪ್‌ಗಳೂ ಹೋದವು. ನಿಮ್ಮ ಅಜ್ಜನಿಗೆ ಮೀಸೆ ಇತ್ತೇ ಅಂತ ನೀವು ಬರೆದಿಲ್ಲ. ಇನ್ನೊಂದು ವಿಷಯವನ್ನೂ ನೋಡಿ ತಿಳಿಸಿ. ಕಪ್ಪನ್ನು ಬಲಗೈಯಲ್ಲಿ ಹಿಡಿದು ಬಾಯಿಗೆ ತನ್ನಿ. ಪಟ್ಟಿ ನಿಮ್ಮ ಕಡೆ ಬಂದರೆ ಅದು ಸಾಮಾನ್ಯದ್ದು. ಆಚೆ ಹೋದರೆ ಎಡಗೈಯವರಿಗಾಗಿ ಮಾಡಿದ್ದು. ಅದು ಸಿಗುವುದು ಅಪರೂಪ. ಹಾಗಿದ್ದರೆ ಫೋಟೋ ಕಳಿಸಿ, ತಳದಲ್ಲಿರುವ ಗುರುತಿನದ್ದೂ ಒಂದಿರಲಿ. ಹೊಸದಾಗಿ ಮಾಡಿ ಹಳೆಯದೆಂದು ಮಾರುವವರೂ ಇದ್ದಾರೆ.